ಐದು ಪುಸ್ತಕ, ಒಂದು ಟ್ರಂಕು

ಕಳೆದ ಒಂದು ವರ್ಷದಲ್ಲಿ ನಾವು ಓದಿ ಮುಗಿಸಿದ ಪುಸ್ತಕ ಐದು. ನಗುವವರು ನಗಲಿ. ಪೇಟೆಯ ಸಾಹಿತಿಗಳು ವರ್ಷದ ಕೊನೆಗೆ ತಾವು ಓದಿದ ಐವತ್ತು ಪುಸ್ತಕಗಳ ಪಟ್ಟಿ ಕೊಡುತ್ತಾರೆ. ಅದರಲ್ಲಿ ಅರ್ಧ ಇಂಗ್ಲಿಷಿನವು. ನಮ್ಮದು ಐದೇ. ಆದರೆ ಈ ಐದನ್ನು ನಾವು ಕಣ್ಣಿನಿಂದ ಮಾತ್ರ ಓದಿದ್ದಲ್ಲ. ಬಾಯಿಯಿಂದ ಓದಿದ್ದು, ಕಿವಿಯಿಂದ ಓದಿದ್ದು, ಜಗಳ ಮಾಡಿ ಓದಿದ್ದು. ಒಬ್ಬ ಓದುವುದು, ಹನ್ನೆರಡು ಜನ ಕೇಳುವುದು. ಹೀಗಿರುವಾಗ 'ನಾನು ಓದಿದ ಪುಸ್ತಕ' ಎಂದು ಬರೆಯಲಿಕ್ಕೆ ಕೈ ಏಳುವುದಿಲ್ಲ. ನಾವು ಓದಿದ್ದು, ಅಷ್ಟೆ.

ಕಾದಂಬರಿ ಬರೆಯುವವರು ವರ್ಷದಲ್ಲಿ ಮೆಚ್ಚಿದ ಪುಸ್ತಕಗಳ ಬಗ್ಗೆ ಬರೆಯಬೇಕಂತೆ. ನಮ್ಮಲ್ಲಿ ಕಾದಂಬರಿ ಬರೆಯುವವ ಒಬ್ಬನಿದ್ದಾನೆ ನಿಜ. ಒಂದು ಕಾದಂಬರಿ ಅಚ್ಚಾಗಿದೆ. ಎರಡನೆಯದು ಮೂರು ವರ್ಷದಿಂದ ಒಂದೇ ಅಧ್ಯಾಯದಲ್ಲಿ, ಕೆಸರಿನಲ್ಲಿ ಹೂತ ಗಾಡಿಯ ಹಾಗೆ, ನಿಂತುಬಿಟ್ಟಿದೆ. ಅಜ್ಜ ಸಾಯುವ ಅಧ್ಯಾಯ. ಎಷ್ಟು ಸಲ ಬರೆದರೂ ಅಜ್ಜ ಸುಳ್ಳುಸುಳ್ಳಾಗಿ ಸಾಯುತ್ತಾನೆ. ಈ ಬರಹದ ಕೈ ಆ ಬರೆಯುವವನದ್ದು, ಬಾಯಿ ಎಲ್ಲರದ್ದು.

ನಮ್ಮದು ಮೂರು ಊರಿನ ಓದು. ಬಂಟ್ವಾಳದ ಕಡೆ ಒಂದು ಐದು ಸೆಂಟ್ಸ್ ಕಾಲನಿ, ಬೆಳ್ತಂಗಡಿ ತಾಲೂಕಿನಲ್ಲಿ ಘಟ್ಟದ ಬುಡಕ್ಕೆ ಒಂದು ಕಾಲನಿ, ಮೂಡಬಿದ್ರೆ ಪೇಟೆಯ ಹೊರಗೆ ಕೆಂಪುಕಲ್ಲಿನ ಕೋರೆಯ ಹತ್ತಿರ ಒಂದು ಮನೆ. ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ. ಗುರುವಾಯನಕೆರೆಯಿಂದ ವೇಣೂರಿನ ಮೇಲೆ ಮೂಡಬಿದ್ರೆ. ಮೂಡಬಿದ್ರೆಯಿಂದ ಸಿದ್ಧಕಟ್ಟೆಯ ಮೇಲೆ ತಿರುಗಿ ಬಂಟ್ವಾಳ. ಈ ಮೂರು ಮೂಲೆಯೊಳಗೆ ನಮ್ಮ ಪುಸ್ತಕ ಬಸ್ಸು ಹತ್ತಿ ತಿರುಗುತ್ತದೆ. 2023ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಲ್ಲ. ಹಾಗಾಗಿ ಬೆಳ್ತಂಗಡಿಯಲ್ಲಿ ಓದು ಇಟ್ಟುಕೊಂಡ ಭಾನುವಾರ ಹೆಂಗಸರು ಜಾಸ್ತಿ. ಮೂಡಬಿದ್ರೆಯ ಕಡೆಗೆ ಪ್ರೈವೇಟು ಬಸ್ಸುಗಳೇ ಹೆಚ್ಚು. ಅಲ್ಲಿಗೆ ಹೋಗುವ ಭಾನುವಾರ ಬೀಡಿಯ ದುಡ್ಡು ಎಣಿಸಿ ಹೊರಡಬೇಕು.

ಕೇಳುವವರಲ್ಲಿ ಮುಕ್ಕಾಲು ಪಾಲು ಬೀಡಿ ಕಟ್ಟುವವರು. ತಡ್ಪೆ ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸುತ್ತಾ, ಸುತ್ತುತ್ತಾ, ನೂಲು ಬಿಗಿಯುತ್ತಾ ಕೇಳುತ್ತಾರೆ. ಭಾನುವಾರ ಎಂದು ಕೈ ನಿಲ್ಲಿಸಿದರೆ ಸೋಮವಾರ ಬ್ರಾಂಚಿಗೆ ಕೊಡಲಿಕ್ಕೆ ಬೀಡಿ ಇರುವುದಿಲ್ಲ. ಇದೇನು ನಾವು ಕಂಡುಹಿಡಿದ ಹೊಸ ಪದ್ಧತಿಯಲ್ಲ. ಕಣ್ಣೂರಿನ ಬೀಡಿ ಕೆಲಸಗಾರರು ತಮ್ಮಲ್ಲೇ ಒಬ್ಬನನ್ನು ಪೇಪರು ಓದಲಿಕ್ಕೆ ಕೂರಿಸಿ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಅಲ್ಲೆಲ್ಲೋ ದೂರದ ಕ್ಯೂಬಾ ದೇಶದ ಹವಾನಾದಲ್ಲಿ, 1865ರ ಹೊತ್ತಿಗೇ, ಚುಟ್ಟಾ ಸುತ್ತುವ ಕಾರ್ಖಾನೆಗಳಲ್ಲಿ ಎತ್ತರದ ಕುರ್ಚಿ ಹಾಕಿ ಕಾದಂಬರಿ ಓದಿಸುತ್ತಿದ್ದರು. ಓದುವವನಿಗೆ ಕೆಲಸಗಾರರೇ ಕೈಯಿಂದ ಹಣ ಕೊಡುತ್ತಿದ್ದರು. ಹೊಗೆಸೊಪ್ಪಿನ ಘಾಟಿಗೂ ಪುಸ್ತಕಕ್ಕೂ ಎಂತದೋ ಹಳೆಯ ಸಂಬಂಧ ಉಂಟು.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಮನೆಯ ಮಾತು ತುಳು. ಕನ್ನಡ ಶಾಲೆಯಲ್ಲಿ ಕಲಿತದ್ದು. ಕೆಲವರು ಅದನ್ನೂ ಕಲಿಯಲಿಲ್ಲ. ಹಾಗಾಗಿ ಒಂದು ಪುಟ ಕನ್ನಡ ಓದಿದರೆ ಅರ್ಧ ಪುಟ ತುಳುವಿನಲ್ಲಿ ಬಿಡಿಸಿ ಹೇಳಬೇಕು. ಆಗ ಪುಸ್ತಕದ ಕೆಲವು ಬಣ್ಣ ಹೋಗುತ್ತದೆ, ಕೆಲವು ಬಣ್ಣ ಬರುತ್ತದೆ. ದೊಡ್ಡ ದೊಡ್ಡ ಮಾತುಗಳು ತುಳುವಿಗೆ ಬಂದ ಕೂಡಲೇ ಸಣ್ಣಗಾಗುತ್ತವೆ. 'ಅಸ್ಮಿತೆ' ಎಂಬುದನ್ನು ಬೀಡಿ ಕಟ್ಟುವವಳಿಗೆ ತುಳುವಿನಲ್ಲಿ ಹೇಳಿ ನೋಡಿ, ಗೊತ್ತಾಗುತ್ತದೆ.

ಮೊದಲು ಎತ್ತಿಕೊಂಡದ್ದು ಕಾರಂತರ 'ಚೋಮನ ದುಡಿ'. 1933ರ ಪುಸ್ತಕ. ನಮ್ಮ ಜಿಲ್ಲೆಯ ಮಣ್ಣಿನದ್ದೇ ಕತೆ. ಓದುವ ಮೊದಲೇ ಜಗಳ. ಡಿಗ್ರಿ ಓದುವ ಹುಡುಗ ಒಬ್ಬ ಎದ್ದು ನಿಂತ.

"ನಮ್ಮ ಕತೆಯನ್ನು ಅವರು ಯಾಕೆ ಬರೆಯಬೇಕು? ನಾವು ಯಾಕೆ ಓದಬೇಕು? 1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಬೂಸಾ ಅಂತ ಹೇಳಿದ್ದು ಇದನ್ನೆಲ್ಲ. ಅಷ್ಟು ಹೇಳಿದ್ದಕ್ಕೆ ಅವರ ಮಂತ್ರಿಗಿರಿಯೇ ಹೋಯ್ತು. ಗೊತ್ತುಂಟಲ್ಲ ನಿಮಗೆ?"

ಗೊತ್ತುಂಟು. ಆ ಗಲಾಟೆಯಲ್ಲಿ ಹಾಸ್ಟೆಲಿನ ಹುಡುಗರು ಪೆಟ್ಟು ತಿಂದದ್ದೂ ಗೊತ್ತುಂಟು. ಆ ಪೆಟ್ಟಿನಿಂದಲೇ ಅಲ್ಲವೇ ಈ ಚಳುವಳಿ, ಈ ಪತ್ರಿಕೆಗಳು ಎಲ್ಲ ಹುಟ್ಟಿದ್ದು. ಆದರೆ ಶಾಲೆಯಲ್ಲಿ ಜವಾನರಾಗಿದ್ದು ರಿಟೈರಾದ ದೊಡ್ಡಪ್ಪ ಒಬ್ಬರಿದ್ದಾರೆ ನಮ್ಮಲ್ಲಿ. ಅವರು ಬಾಯಿಯ ಎಲೆಅಡಿಕೆ ಉಗಿದು ಬಂದು ಹೇಳಿದರು: "ಬೂಸಾ ಅಂತ ಹೇಳ್ಲಿಕ್ಕಾದರೂ ಒಮ್ಮೆ ಮೂಸಿ ನೋಡ್ಬೇಕಲ್ಲ ಮಾರಾಯ. ಓದು."

ಓದಿದೆವು. ಮೂರು ಭಾನುವಾರ ಹಿಡಿಯಿತು. ಚೋಮನಿಗೆ ಬೇಕಾದದ್ದು ಒಂದು ತುಂಡು ಗದ್ದೆ. ಎತ್ತುಗಳುಂಟು, ತೋಳಿನಲ್ಲಿ ಬಲ ಉಂಟು. ಬೇಸಾಯ ಮಾಡಲಿಕ್ಕೆ ಭೂಮಿ ಇಲ್ಲ. ಹೊಲೆಯ ಬೇಸಾಯಗಾರನಾಗಕೂಡದು. ಧಣಿ ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಕರಗಿದರೂ ಅವನ ತಾಯಿಯ ಮಡಿ ಕರಗುವುದಿಲ್ಲ. ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಈಜು ಬರುವವರಿದ್ದರೂ ಮುಟ್ಟುವವರಿಲ್ಲ. ಆ ಜಾಗ ಓದುವಾಗ ತಡ್ಪೆಯಲ್ಲಿ ಕತ್ತರಿಯ ಶಬ್ದ ನಿಂತುಹೋಯಿತು. ನೇತ್ರಾವತಿಯ ದಡದಲ್ಲಿ ಬೆಳೆದವರು ನಾವು. ಯಾವ ಕಡವಿನಲ್ಲಿ ನಮಗೆ ಇಳಿಯಲಿಕ್ಕಿತ್ತು, ಯಾವುದರಲ್ಲಿ ಇರಲಿಲ್ಲ ಎಂದು ನಮ್ಮ ಮುದುಕಿಯರಿಗೆ ಈಗಲೂ ಬಾಯಿಪಾಠ.

ಕೊನೆಗೆ ಚೋಮ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯುತ್ತಾನೆ. ಓದುವವ ಪುಸ್ತಕ ಮುಚ್ಚಿದ. ಯಾರೂ ಮಾತಾಡಲಿಲ್ಲ. ಆಗ ನಮ್ಮ ಅಪ್ಪೆ, ಅಂದರೆ ಈ ಕಾದಂಬರಿ ಬರೆಯುವವನ ತಾಯಿ, ಎಪ್ಪತ್ತು ದಾಟಿದವಳು, ಅಕ್ಷರ ಬಾರದವಳು, ನೂಲು ಹಲ್ಲಿನಿಂದ ಕಡಿದು ಹೇಳಿದಳು:

"ಪಾಪ, ಒಳ್ಳೆ ಬರೆದಿದ್ದಾರೆ. ಆದ್ರೆ ನಿನ್ನ ಅಜ್ಜ ದುಡಿ ಬಾರಿಸಿ ಸಾಯ್ಲಿಲ್ಲ ಮಗ. ಅರ್ಜಿ ಬರೆಸಿ ಬರೆಸಿ ಸತ್ತದ್ದು."

ಎಂತ ಹೇಳುವುದು? ನಮ್ಮಲ್ಲಿ ಬರೆಯುವವನ ಮುಖ ನೋಡಬೇಕಿತ್ತು. ಮೂರು ವರ್ಷದಿಂದ ಅವನು ಬರೆಯುತ್ತಿದ್ದ ಅಧ್ಯಾಯದಲ್ಲಿ ಅಜ್ಜ ಮಳೆಗಾಲದ ರಾತ್ರಿಯಲ್ಲಿ, ಹರಕು ಚಾಪೆಯ ಮೇಲೆ, ಡೋಲಿನ ಮೇಲೆ ಕೈಯಿಟ್ಟುಕೊಂಡು ಸಾಯುತ್ತಿದ್ದ. ಅವನ ಅಜ್ಜನನ್ನು ಕೊಂದದ್ದು ಕಾರಂತರ ಚೋಮ! 1975ರಲ್ಲಿ ಸಿನೆಮಾ ಆಗಿ ರಾಷ್ಟ್ರದ ದೊಡ್ಡ ಪ್ರಶಸ್ತಿ ಪಡೆದ ಚೋಮ. ಒಳ್ಳೆಯ ಪುಸ್ತಕದ ಅಪಾಯ ಇದು. ಅದು ನಮ್ಮ ಬಗ್ಗೆ ಎಷ್ಟು ಚಂದ ಹೇಳುತ್ತದೆ ಎಂದರೆ, ನಮ್ಮ ಕಣ್ಣಿನ ಮುಂದೆ ನಡೆದದ್ದು ನಮಗೇ ಮರೆತುಹೋಗುತ್ತದೆ. ಕಾರಂತರ ಮೇಲೆ ನಮಗೆ ಸಿಟ್ಟಿಲ್ಲ. ಮೂವತ್ತೊಂದು ವರ್ಷದ ಆ ಮನುಷ್ಯ ಆ ಕಾಲಕ್ಕೆ ನಮ್ಮ ಕೊಪ್ಪದೊಳಗೆ ಬಗ್ಗಿ ನೋಡಿದ್ದು ಸಣ್ಣ ಮಾತಲ್ಲ. ಅವರಿಗೆ ಕೇಳಿಸಿದ್ದು ದುಡಿ. ಅರ್ಜಿಯ ಸದ್ದು ಹೊರಗಿನವರಿಗೆ ಕೇಳುವುದಿಲ್ಲ. ಅದು ಒಳಗಿನವರು ಬರೆಯಬೇಕಾದದ್ದು. ನಾವು ಬರೆಯಲಿಲ್ಲ ಎಂಬುದು ಅವರ ತಪ್ಪಲ್ಲ.

ಎರಡನೆಯದು ಸಿದ್ಧಲಿಂಗಯ್ಯನವರ 'ಊರುಕೇರಿ'. 2021ರ ಜೂನಿನಲ್ಲಿ ಕೊರೋನಾ ಅವರನ್ನು ಕೊಂಡುಹೋದಾಗ ನಮ್ಮ ಕಾಲನಿಯಲ್ಲಿ ನಾಲ್ಕು ಜನ ಕೂಡ ಸೇರಲಿಕ್ಕಿರಲಿಲ್ಲ. ಆ ಸಾಲ ಹಾಗೇ ಉಳಿದಿತ್ತು. ಈ ವರ್ಷ ತೀರಿಸಿದೆವು. ಪುಸ್ತಕ ತೆಗೆದ ಕೂಡಲೇ ಮಾಗಡಿ ಕಡೆಯ ಮಂಚನಬೆಲೆಯ ಒಂದು ಹೊಲ. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಎತ್ತಿನ ಹಾಗೆ ಹೂಡಿ ಉಳುತ್ತಿದ್ದಾರೆ. ನೋಡುತ್ತಾ ನಿಂತ ಹುಡುಗನಿಗೆ ಮೊದಲು ಅದೊಂದು ತಮಾಷೆ. ಆ ಇಬ್ಬರಲ್ಲಿ ಒಬ್ಬ ಅವನ ಅಪ್ಪ.

ಇಷ್ಟು ಓದಿ ನಾವು ಅಳಲಿಕ್ಕೆ ತಯಾರಾಗಿ ಕೂತೆವು. ಆದರೆ ಸಿದ್ಧಲಿಂಗಯ್ಯ ಅಳಲಿಕ್ಕೆ ಬಿಡುವುದೇ ಇಲ್ಲ! ಪುಟ ತಿರುವಿದಲ್ಲೆಲ್ಲ ನಗೆ. ಬೆಂಗಳೂರಿನ ಶ್ರೀರಾಮಪುರದಲ್ಲಿ ಓದಲಿಕ್ಕೆ ಜಾಗ ಇಲ್ಲದೆ ಸ್ಮಶಾನಕ್ಕೆ ಹೋಗಿ ಕೂರುವ ಹುಡುಗ, ಅಲ್ಲಿ ಸಮಾಧಿಗಳ ನಡುವೆ ಆರಾಮವಾಗಿ ಓದಿಕೊಳ್ಳುತ್ತಾನೆ. ಬೆಳ್ತಂಗಡಿಯ ಆಶಾ ಕಾರ್ಯಕರ್ತೆ ಅಕ್ಕ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. "ನಮ್ಮ ಕಾಲನಿಯೂ ಸ್ಮಶಾನದ ಬದಿಯಲ್ಲೇ ಅಲ್ವಾ? ಇಷ್ಟು ದಿನ ನಾಚಿಕೆಯಾಗ್ತಿತ್ತು ಹೇಳ್ಲಿಕ್ಕೆ. ಇನ್ನು ಲೈಬ್ರರಿಯ ಹತ್ತಿರ ಅಂತ ಹೇಳ್ತೇನೆ."

ಹೊಲೆಮಾದಿಗರ ಹಾಡು ಬರೆದು ರಸ್ತೆಗೆ ಬೆಂಕಿಯ ಮಾತು ತಂದ ಕವಿ, ತನ್ನದೇ ಜೀವನ ಹೇಳುವಾಗ ನಗುತ್ತಾನೆ. ಇದು ಸೋತ ನಗೆ ಎಂದ ನಮ್ಮ ಡಿಗ್ರಿ ಹುಡುಗ. ಆಮೇಲೆ ಅವರು ವಿಧಾನ ಪರಿಷತ್ತಿನಲ್ಲಿ ಕೂತದ್ದು, ಅಧಿಕಾರದವರ ಜೊತೆ ಓಡಾಡಿದ್ದು ಎಲ್ಲ ಎತ್ತಿ ಆಡಿದ. ಅದರಲ್ಲಿ ಸತ್ಯ ಇಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಧಣಿಯ ಎದುರು ನಮ್ಮವರು ಅಳುವುದನ್ನು ಧಣಿ ಇಷ್ಟಪಡುತ್ತಾನೆ. ನಮ್ಮವರು ನಗುವುದನ್ನು ಅವನು ಸಹಿಸುವುದಿಲ್ಲ. ಗುತ್ತಿನ ಮನೆಯ ಅಂಗಳದಲ್ಲಿ ನಮ್ಮ ಹೆಂಗಸರು ನಕ್ಕರೆ 'ಎಂತ ನಿಮ್ಮದು ಗಲಾಟೆ' ಎಂದು ಒಳಗಿನಿಂದ ಗದರುತ್ತಿದ್ದುದು ಯಾರಿಗೆ ನೆನಪಿಲ್ಲ? ಹಾಗಾದರೆ ನಗೆ ಸೋಲು ಹೇಗಾಯಿತು?

ಮೂರನೆಯದು ದೇವನೂರ ಮಹಾದೇವರ 'ಒಡಲಾಳ'. ಸಣ್ಣ ಪುಸ್ತಕ. ಆದರೆ ನಮಗೆ ಅತ್ಯಂತ ಕಷ್ಟ ಕೊಟ್ಟದ್ದು ಇದೇ. ನಂಜನಗೂಡು, ಚಾಮರಾಜನಗರದ ಕಡೆಯ ನಮ್ಮವರ ಬಾಯಿಮಾತು ಅದು. ಓದುವವನ ನಾಲಗೆ ಮೊದಲ ಪುಟದಲ್ಲೇ ಮುಗ್ಗರಿಸಿತು. ನಾವು ಕಲಿತದ್ದು ಶಾಲೆಯ ಪುಸ್ತಕದ ಕನ್ನಡ, 'ಬರುತ್ತೇನೆ, ಹೋಗುತ್ತೇನೆ' ಎನ್ನುವ ಕನ್ನಡ. ಮಂಗಳೂರು ಕಡೆಯವರ ಕನ್ನಡ ಶುದ್ಧ ಎಂದು ಘಟ್ಟದ ಮೇಲಿನವರು ಹೊಗಳುತ್ತಾರೆ. ಶುದ್ಧ ಯಾಕೆ ಎಂದರೆ ಅದು ನಮ್ಮ ಮನೆಯದ್ದಲ್ಲ, ಕಡ ತಂದದ್ದು. ಕಡ ತಂದ ಪಾತ್ರೆಯನ್ನು ಎಲ್ಲರೂ ತಿಕ್ಕಿ ಇಟ್ಟುಕೊಳ್ಳುತ್ತಾರೆ.

ಎರಡನೆಯ ಭಾನುವಾರ ಒಂದು ವಿಶೇಷ ನಡೆಯಿತು. ಓದುವವ ಅರ್ಥ ಹೇಳುವುದನ್ನು ಬಿಟ್ಟು ಸುಮ್ಮನೆ ಓದುತ್ತಾ ಹೋದ. ಮುದುಕಿಯರು ತಲೆ ಆಡಿಸತೊಡಗಿದರು. ಪಾಡ್ದನ ಕೇಳುವವರ ತಲೆ ಅದು. ನೇಜಿ ನೆಡುವಾಗ 'ಓ ಬೇಲೆ' ಹಾಡಿದವರು, ಕಾನದ-ಕಟದರ ಕತೆಯನ್ನು ರಾತ್ರಿಯಿಡೀ ಹೇಳುವವರನ್ನು ಕಂಡವರು. ಮಾತು ಪೂರ್ತಿ ತಿಳಿಯದಿದ್ದರೂ ಉಸಿರು ತಿಳಿಯಿತು. ಕಳೆದುಹೋದ ತನ್ನ ಹುಂಜಕ್ಕಾಗಿ ಕೇರಿಯೆಲ್ಲ ಹುಡುಕುವ ಸಾಕವ್ವ ಅವರಿಗೆ ನೆರೆಮನೆಯವಳಾದಳು. ಕದ್ದು ತಂದ ಕಡಲೆಕಾಯಿಯನ್ನು ಇಡೀ ಮನೆ ಒಲೆಯ ಸುತ್ತ ಕೂತು ರಾತ್ರಿ ತಿಂದು ಮುಗಿಸುವ ಜಾಗ ಬಂದಾಗ ಒಬ್ಬಳು ಕೇಳಿದಳು: "ಸಿಪ್ಪೆ ಎಂತ ಮಾಡಿದ್ರು? ಬೆಳಿಗ್ಗೆ ಪೋಲೀಸು ಬಂದ್ರೆ?" ಹಸಿವಿನ ಅನುಭವ ಇದ್ದವರಿಗೆ ಮಾತ್ರ ಮೊದಲು ಸಿಪ್ಪೆಯ ಚಿಂತೆ ಬರುತ್ತದೆ. ದೇವನೂರರಿಗೂ ಆ ಚಿಂತೆ ಬಂದಿದೆ; ಸಿಪ್ಪೆ ಒಲೆಗೆ ಹೋಗುತ್ತದೆ. ಆ ಮನೆಯ ಗೋಡೆಯ ಮೇಲೆ ಪುಟ್ಟಗೌರಿ ನವಿಲಿನ ಚಿತ್ರ ಬರೆಯುತ್ತಾಳೆ. ಅಷ್ಟು ಹಸಿವಿನ ಮನೆಯಲ್ಲಿ ನವಿಲು! ನಮ್ಮವರನ್ನು ಕುರಿತು ಬರೆದ ಎಷ್ಟೋ ಪುಸ್ತಕಗಳಲ್ಲಿ ಹಸಿವು ಉಂಟು, ನವಿಲು ಇಲ್ಲ.

ನಾಲ್ಕನೆಯದು ಬಾನು ಮುಷ್ತಾಕರ ಕತೆಗಳು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದಕ್ಕೆ, ಇಬ್ಬರಿಗೂ ಸೇರಿ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಪೇಪರಿನವರೆಲ್ಲ ಇದ್ದಕ್ಕಿದ್ದ ಹಾಗೆ ಅವರ ಮನೆ ಹುಡುಕಿಕೊಂಡು ಹೋದರು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಮೊದಲ ಸಲ. ಕತೆಗಳ ಸಂಕಲನವೊಂದಕ್ಕೆ ಬಂದದ್ದೂ ಮೊದಲ ಸಲ. ಬಂಡಾಯದ ಹಳಬರಿಗೆ ಹುಡುಕುವ ಕೆಲಸ ಇರಲಿಲ್ಲ. ನಮ್ಮ ಸಭೆಗಳಲ್ಲಿ ಕೂತು, ನಮ್ಮಂಥ ಪತ್ರಿಕೆಗಳಲ್ಲಿ ಬರೆದು ಬೆಳೆದವರು ಅವರು.

'ಎದೆಯ ಹಣತೆ' ಓದಿದ್ದು ಬಂಟ್ವಾಳದಲ್ಲಿ. ಆ ದಿನ ಪಕ್ಕದ ಬ್ಯಾರಿ ಮನೆಯ ಇಬ್ಬರು ಹೆಂಗಸರು, ಅದೇ ಬ್ರಾಂಚಿಗೆ ಬೀಡಿ ಕೊಡುವವರು, ಬಾಗಿಲಲ್ಲಿ ನಿಂತು ಕೇಳಿದರು; ಆಮೇಲೆ ಒಳಗೆ ಬಂದು ಕೂತರು. ಗಂಡ ಬೇರೊಬ್ಬಳ ಹಿಂದೆ ಹೋಗಿದ್ದಾನೆ. ಮೆಹರುನ್ ಎದೆಗೆ ಕೂಸು ಕಟ್ಟಿಕೊಂಡು ತವರಿಗೆ ಬರುತ್ತಾಳೆ. ಅಣ್ಣತಮ್ಮಂದಿರು ಮರ್ಯಾದೆಯ ಮಾತಾಡಿ ಅವಳನ್ನು ತಿರುಗಿ ಅದೇ ಮನೆಗೆ ಮುಟ್ಟಿಸುತ್ತಾರೆ. ಆ ರಾತ್ರಿ ಸೀಮೆಎಣ್ಣೆ ಸುರಿದುಕೊಂಡು ನಿಂತವಳನ್ನು ದೊಡ್ಡ ಮಗಳು ಕೂಸನ್ನೆತ್ತಿಕೊಂಡು ಬಂದು ಹಿಡಿದು ನಿಲ್ಲಿಸುತ್ತಾಳೆ. ಓದು ಮುಗಿದ ಮೇಲೆ ಬ್ಯಾರಿ ಹೆಂಗಸರಲ್ಲಿ ಹಿರಿಯವಳು ಒಂದೇ ಮಾತು ಹೇಳಿದಳು: "ನಮ್ಮಲ್ಲಿ ಮಾತ್ರ ಅಂತ ಅಂದ್ಕೊಳ್ಬೇಡಿ." ಯಾರೂ ಅಂದುಕೊಳ್ಳಲಿಲ್ಲ. ತವರಿನಿಂದ ತಿರುಗಿ ಕಳಿಸಲ್ಪಟ್ಟವರು ನಮ್ಮ ಹನ್ನೆರಡು ಜನರಲ್ಲಿ ಮೂವರಿದ್ದರು.

ಊರಿನಲ್ಲಿ ಈಚೆಗೆ ಗಾಳಿ ಸರಿ ಇಲ್ಲ. ಯಾರು ಯಾರ ಮನೆಗೆ ಹೋದರು, ಯಾರು ಯಾವ ಬಸ್ಸಿನಲ್ಲಿ ಯಾರ ಪಕ್ಕ ಕೂತರು ಎಂದು ಲೆಕ್ಕ ಹಾಕುವವರು ಹುಟ್ಟಿಕೊಂಡಿದ್ದಾರೆ. ಆ ಲೆಕ್ಕಕ್ಕೆ ಕೈಕೆಲಸ ಮಾಡಲಿಕ್ಕೆ ನಮ್ಮ ಹುಡುಗರನ್ನೇ ಕರೆಯುತ್ತಾರೆ ಎಂಬುದು ಇನ್ನೂ ನೋವಿನ ಮಾತು. ಇಂಥಾ ಹೊತ್ತಿನಲ್ಲಿ ಎರಡು ತಡ್ಪೆ ಪಕ್ಕಪಕ್ಕ ಬಂದು ಕೂತದ್ದನ್ನು ನಾವು ಈ ವರ್ಷದ ದೊಡ್ಡ ವಿಮರ್ಶೆ ಎಂದು ತಿಳಿದಿದ್ದೇವೆ.

ಐದನೆಯದು ಬಾಬಾಸಾಹೇಬರ 'ಜಾತಿ ವಿನಾಶ'. ಅದನ್ನು ಓದಿದ್ದು ಮೂಡಬಿದ್ರೆಯಲ್ಲಿ. ಅಲ್ಲಿ ಓದಿದ್ದಕ್ಕೆ ಒಂದು ಅರ್ಥ ಉಂಟು.

ಮೂಡಬಿದ್ರೆ ಪುಸ್ತಕದ ಊರು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ನೋಡಲಿಕ್ಕೆ ಹೊರದೇಶದವರು ಬರುತ್ತಾರೆ. 'ಭರತೇಶ ವೈಭವ' ಬರೆದ ರತ್ನಾಕರವರ್ಣಿಯ ಊರು. ಅಲ್ಲಿಯ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ತಾಳೆಗರಿಯ ಗ್ರಂಥಗಳನ್ನು ನೂರಾರು ವರ್ಷ ಕಾಪಾಡಿದರು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಬಹಳ ಕಾಲ ಅವನ್ನು ದರ್ಶನಕ್ಕೆ ತೋರಿಸುತ್ತಿದ್ದರು, ಕೈಮುಗಿದು ಹೋಗಬೇಕು. ಓದಲಿಕ್ಕೆ, ನಕಲು ಮಾಡಲಿಕ್ಕೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಧವಲದ ಮೊದಲ ಸಂಪುಟ ಅಚ್ಚಾಗಿ ಹೊರಗೆ ಬಂದದ್ದು 1939ರಲ್ಲಿ. ಕಾಪಾಡಿದ್ದು ದೊಡ್ಡ ಕೆಲಸ, ಇಲ್ಲ ಎನ್ನುವುದಿಲ್ಲ. ಕಾಪಾಡದಿದ್ದರೆ ಇವತ್ತು ಆ ಗ್ರಂಥಗಳೇ ಇರುತ್ತಿರಲಿಲ್ಲ. ಆದರೆ ನಮಗೆ ಆ ಕತೆ ಕೇಳುವಾಗ ಮನಸ್ಸಿಗೆ ಬಂದದ್ದು ಬೇರೆ. ಪುಸ್ತಕಕ್ಕೆ ಕೈಮುಗಿಯುವ ದೇಶ ಇದು, ಪುಸ್ತಕ ತೆರೆಯುವ ದೇಶ ಅಲ್ಲ. ಮುಗಿದ ಕೈ ತೆರೆಯಬೇಕಾದರೆ ಇನ್ನೊಂದು ಪುಸ್ತಕ ಬೇಕು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟವರ ಪುಸ್ತಕವನ್ನು ಆ ಊರಿನಲ್ಲಿ ಕೂತು ಓದಬೇಕೆಂದು ನಮಗೆ ಅನಿಸಿದ್ದು ಅದಕ್ಕೇ.

ಆ ಪುಸ್ತಕದ ಹುಟ್ಟೇ ಒಂದು ಕತೆ. ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲದವರು ತಮ್ಮ 1936ರ ಸಮ್ಮೇಳನದ ಅಧ್ಯಕ್ಷತೆಗೆ ಕರೆದರು. ಭಾಷಣದ ಪ್ರತಿ ನೋಡಿ ಹೆದರಿದರು. ತಿದ್ದಿ ಎಂದರು. ಬಾಬಾಸಾಹೇಬರು ಒಂದು ಕಾಮಾ ಸಹ ತಿದ್ದುವುದಿಲ್ಲ ಎಂದರು. ಸಮ್ಮೇಳನವೇ ರದ್ದಾಯಿತು. ಆಡದೇ ಉಳಿದ ಆ ಭಾಷಣವನ್ನು ಅವರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಸಣ್ಣ ಪತ್ರಿಕೆ ನಡೆಸುವವರು ಈ ಸಂಗತಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಜಾತಿ ಎಂದರೆ ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಹಂಚಿ ಬೇರೆ ಮಾಡಿದ್ದು, ಅದೂ ಒಬ್ಬರ ತಲೆಯ ಮೇಲೆ ಒಬ್ಬರನ್ನು ನಿಲ್ಲಿಸಿ, ಎಂದು ಅವರು ಬಿಡಿಸಿ ಹೇಳುವ ಭಾಗ ಬಂತು. ನಾವೆಲ್ಲ ತಲೆ ಆಡಿಸಿದೆವು. ಮೇಲಿನವರಿಗೆ ಬೈದೆವು. ಆಗ ನಮ್ಮ ಅಪ್ಪೆ ಬಾಗಿಲಿನ ಕಡೆ ನೋಡಿ ಕೇಳಿದಳು: "ಅವಳು ಯಾಕೆ ಹೊರಗೆ ಕೂತಿದ್ದಾಳೆ?"

ಹೊರಗೆ ಜಗಲಿಯಲ್ಲಿ ಕೊರಗರ ಒಬ್ಬ ಹೆಂಗಸು ಕೂತಿದ್ದಳು. ಬುಟ್ಟಿ ಹೆಣೆಯುತ್ತಾ ಕೇಳುತ್ತಿದ್ದಳು. ಏಳೆಂಟು ತಿಂಗಳಿಂದ ಬರುತ್ತಿದ್ದವಳು. ಅವಳು ಒಳಗೆ ಬರಬೇಡ ಎಂದು ನಾವು ಯಾರೂ ಹೇಳಿರಲಿಲ್ಲ. ಬಾ ಎಂದೂ ಹೇಳಿರಲಿಲ್ಲ. ಚಹಾ ಕೊಡುತ್ತಿದ್ದೆವು, ಲೋಟ ಹೊರಗೇ ಇರುತ್ತಿತ್ತು. ಮೂಲದಾಳುಗಳಾಗಿದ್ದ ನಾವು, ದುಡಿಯ ಮಕ್ಕಳು ನಾವು, ಬಂಡಾಯದ ಪತ್ರಿಕೆ ಓದುವ ನಾವು! ಕಂಬಳದ ಹಿಂದಿನ ರಾತ್ರಿ ಅವಳ ಹಿರಿಯರನ್ನು ಚಳಿಯಲ್ಲಿ ಡೋಲು ಬಾರಿಸಲಿಕ್ಕೆ ಕೂರಿಸುತ್ತಿದ್ದರು. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿ ತಮ್ಮ ರೋಗ ದಾಟಿಸುತ್ತಿದ್ದರು. ಆ ಅಜಲು ಪದ್ಧತಿಯನ್ನು ನಿಲ್ಲಿಸಲಿಕ್ಕೆ 2000ದಲ್ಲಿ ಕಾಯ್ದೆಯೇ ಬರಬೇಕಾಯಿತು. ಇದನ್ನೆಲ್ಲ ನಾವು ಭಾಷಣದಲ್ಲಿ ಹೇಳುತ್ತೇವೆ. ಆದರೆ ನಮ್ಮ ಜಗಲಿಯಲ್ಲಿದ್ದ ಲೋಟ ನಮಗೆ ಕಂಡಿರಲಿಲ್ಲ.

ಯಾರೂ ಭಾಷಣ ಮಾಡಲಿಲ್ಲ. ಅಪ್ಪೆ ತನ್ನ ತಡ್ಪೆ ಸ್ವಲ್ಪ ಆಚೆ ಸರಿಸಿ ಜಾಗ ಮಾಡಿದಳು. "ಬಲ" ಎಂದಳು. ಅವಳು ಬರಲಿಲ್ಲ. ಎರಡನೆಯ ಸಲ ಕರೆದರೂ ಬರಲಿಲ್ಲ. "ಇಲ್ಲಿ ಗಾಳಿ ಉಂಟು" ಎಂದಳು. ಎಂಟು ತಿಂಗಳು ಹೊರಗಿಟ್ಟವರು ಕರೆದ ಕೂಡಲೇ ಒಳಗೆ ಬರಬೇಕೆಂಬುದೂ ಒಂದು ದೊಡ್ಡಸ್ತಿಕೆಯೇ. ಮುಂದಿನ ಭಾನುವಾರ ನಾವೇ ಎಲ್ಲರೂ ಜಗಲಿಯಲ್ಲಿ ಕೂತು ಓದಿದೆವು. ಐದು ಪುಸ್ತಕಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ, ನಮ್ಮನ್ನು ಜಗಲಿಗೆ ಎಬ್ಬಿಸಿದ ಪುಸ್ತಕ ದೊಡ್ಡದು.

ಇನ್ನು ಟ್ರಂಕಿನ ವಿಷಯ.

ಅರ್ಜಿ ಬರೆಸಿ ಸತ್ತದ್ದು ಎಂದು ಅಪ್ಪೆ ಹೇಳಿದ್ದಳಲ್ಲ. ವರ್ಷದ ಕೊನೆಗೆ, ಮಳೆ ಪೂರ್ತಿ ಬಿಟ್ಟ ಮೇಲೆ, ಅವಳು ಅಟ್ಟದಿಂದ ತಗಡಿನ ಒಂದು ಟ್ರಂಕು ಇಳಿಸಲು ಹೇಳಿದಳು. ತೆಗೆದರೆ ಕಾಗದ. ಗೆದ್ದಲು ತಿಂದದ್ದು ಬಿಟ್ಟು ಉಳಿದದ್ದು ಮೂವತ್ತೆಂಟು. ತೀರಾ ಹಳೆಯದು ನಮ್ಮ ಜಿಲ್ಲೆ ಮದ್ರಾಸು ಸರಕಾರದ ಕೈಯಲ್ಲಿದ್ದ ಕಾಲದ್ದು, ಅಂದರೆ 1956ರ ಏಕೀಕರಣಕ್ಕೆ ಮುಂಚಿನದ್ದು. ಅಜ್ಜನಿಗೆ ಅಕ್ಷರ ಇಲ್ಲ. ಯಾರು ಯಾರೋ ಬರೆದುಕೊಟ್ಟದ್ದು. ಕೆಳಗೆ ಅಜ್ಜನ ಹೆಬ್ಬೆಟ್ಟು.

ಎಲ್ಲ ಅರ್ಜಿಯಲ್ಲೂ ಕೇಳಿದ್ದು ಒಂದೇ: ಡಿ.ಸಿ. ಮನ್ನಾ ಭೂಮಿ. ಘಟ್ಟದ ಮೇಲಿನ ಗೆಳೆಯರಿಗೆ ಈ ಮಾತು ಹೊಸತಾಗಿರಬಹುದು. ಬ್ರಿಟಿಷರ ಕಾಲದಲ್ಲಿ ಮದ್ರಾಸು ಸರಕಾರ ಡಿಪ್ರೆಸ್ಡ್ ಕ್ಲಾಸಿನವರಿಗೆ, ಅಂದರೆ ನಮಗೆ, ಎಂದು ನಮ್ಮ ಜಿಲ್ಲೆಯ ಊರೂರಲ್ಲಿ ತೆಗೆದಿಟ್ಟ ಜಾಗ ಅದು. ಕಾಗದದಲ್ಲಿ ನಮ್ಮದು. ನೆಲದ ಮೇಲೆ ಎಷ್ಟೋ ಕಡೆ ಇನ್ನೊಬ್ಬರ ರಬ್ಬರು, ಇನ್ನೊಬ್ಬರ ಅಡಿಕೆ. ಅದನ್ನು ಅಳೆದು ಹಂಚಿ ಎಂದು ಬಂಟ್ವಾಳ, ಬೆಳ್ತಂಗಡಿಯ ನಮ್ಮ ಸಂಘಟನೆಗಳು ಇವತ್ತಿಗೂ ಕೂಗುತ್ತಲೇ ಇವೆ.

1974ರಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂತು. ನಮ್ಮ ಜಿಲ್ಲೆಯಲ್ಲಿ ಅದು ದೊಡ್ಡ ಬದಲಾವಣೆ ತಂದದ್ದು ನಿಜ. ಫಾರಂ ನಂಬ್ರ ಏಳು ತುಂಬಿ ಡಿಕ್ಲರೇಶನ್ ಕೊಟ್ಟ ಒಕ್ಕಲುಗಳು ಗದ್ದೆಯ ಒಡೆಯರಾದರು. ಅಜ್ಜನೂ ಹೋಗಿದ್ದ. ನೀನು ಚಾಲಗೇಣಿಯವನೋ, ಮೂಲಗೇಣಿಯವನೋ, ಗೇಣಿಯ ರಶೀದಿ ಎಲ್ಲಿ ಎಂದು ಕೇಳಿದರಂತೆ. ಅಜ್ಜ ಗೇಣಿಯವನಲ್ಲ, ಮೂಲದಾಳು. ಎಣೇಲು, ಸುಗ್ಗಿ, ಕೊಳಕೆ ಮೂರು ಬೆಳೆಗೂ ಆ ಗದ್ದೆಯಲ್ಲಿ ಸೊಂಟ ಮುರಿದವನು ಅವನು. ಆದರೆ ಕಾನೂನಿನ ಲೆಕ್ಕದಲ್ಲಿ ಉಳುವವನು ಅವನಲ್ಲ, ಗೇಣಿ ಕೊಟ್ಟವನು. ರಶೀದಿ ಇದ್ದವನಿಗೆ ಗದ್ದೆ, ಬೆವರು ಸುರಿಸಿದವನಿಗೆ ಐದು ಸೆಂಟ್ಸ್. ಅಜ್ಜ ಮನೆಗೆ ಬಂದು ಮತ್ತೆ ಡಿ.ಸಿ. ಮನ್ನಾದ ಅರ್ಜಿ ಬರೆಸಿದ.

ಆ ಮೂವತ್ತೆಂಟು ಕಾಗದಗಳನ್ನು ನಾವು ಎರಡು ಭಾನುವಾರ ಕೂತು, ಪುಸ್ತಕ ಓದಿದ ಹಾಗೆಯೇ, ಗಟ್ಟಿಯಾಗಿ ಓದಿದೆವು. ಮೊದಮೊದಲ ಅರ್ಜಿಗಳಲ್ಲಿ 'ತಮ್ಮ ಪಾದಸೇವಕನಾದ' ಎಂದಿದೆ. ನಡುವೆ 'ಬಡವನಾದ' ಎಂದಾಗಿದೆ. ಕೊನೆಯ ನಾಲ್ಕರಲ್ಲಿ ಪಾದವೂ ಇಲ್ಲ, ಸೇವಕನೂ ಇಲ್ಲ; 'ಕೆಳಗೆ ರುಜು ಮಾಡಿದ ನಾನು' ಎಂದು ಶುರುವಾಗುತ್ತದೆ. ಬರೆದುಕೊಟ್ಟವರ ಕೈ ಬೇರೆ ಬೇರೆ ಇರಬಹುದು. ಆದರೆ ಕೊನೆಯ ಕಾಗದದಲ್ಲಿ ಹೆಬ್ಬೆಟ್ಟು ಇಲ್ಲ. ಸೊಟ್ಟಸೊಟ್ಟ ಅಕ್ಷರದಲ್ಲಿ ಅಜ್ಜನ ಹೆಸರು ಉಂಟು. ಅಜ್ಜ ರುಜು ಹಾಕಲಿಕ್ಕೆ ಯಾವಾಗ ಕಲಿತದ್ದು ಎಂದು ಅಪ್ಪೆಗೂ ಗೊತ್ತಿಲ್ಲ.

ನಮ್ಮಲ್ಲಿ ಬರೆಯುವವ ಆ ರಾತ್ರಿ ಡೋಲು, ಹರಕು ಚಾಪೆ, ಮಳೆ ಎಲ್ಲ ಹೊಡೆದು ಹಾಕಿದ. ಅಧ್ಯಾಯ ಈಗ ಮುಂದೆ ಹೋಗುತ್ತಿದೆ. ನಿಧಾನಕ್ಕೆ.

ಜಗಲಿಯ ಹೆಂಗಸು ಕಾಗದಗಳನ್ನೆಲ್ಲ ನೋಡಿ ಹೇಳಿದಳು: "ನಿಮಗೆ ಟ್ರಂಕಾದರೂ ಉಂಟು. ನಮ್ಮದು ಅರ್ಜಿಯೇ ಕೊಟ್ಟಿಲ್ಲ." ಡಿಗ್ರಿ ಹುಡುಗ ಅಲ್ಲೇ ನೋಟ್‌ಬುಕ್ಕಿನಿಂದ ಹಾಳೆ ಹರಿದ. ಅವಳದ್ದು ಒಂದು, ನಮ್ಮದು ಮೂವತ್ತೊಂಬತ್ತನೆಯದು. ಎರಡನ್ನೂ ಒಂದೇ ದಿನ ಕಚೇರಿಗೆ ಕೊಟ್ಟು ಬಂದೆವು. ಗುಮಾಸ್ತರು ತೆಗೆದುಕೊಂಡರು, ಸೀಲು ಹೊಡೆದರು, ಸ್ವೀಕೃತಿ ಕೊಟ್ಟರು. ಉತ್ತರ ಬಂದಿಲ್ಲ. ಬಂದರೆ ಇದೇ ಪತ್ರಿಕೆಯಲ್ಲಿ ತಿಳಿಸುತ್ತೇವೆ, ಬಾರದಿದ್ದರೂ ತಿಳಿಸುತ್ತೇವೆ.

ಬರುವ ವರ್ಷಕ್ಕೆ ಮೊದಲ ಪುಸ್ತಕ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಎಂದು ತೀರ್ಮಾನವಾಗಿದೆ. ನಮ್ಮ ಹತ್ತಿರ ಪ್ರತಿ ಇಲ್ಲ. ಓದುಗರಲ್ಲಿ ಯಾರ ಹತ್ತಿರವಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಬೀಡಿ ಎಲೆಯ ಪುಡಿ ಸ್ವಲ್ಪ ಮೆತ್ತೀತು. ಆದರೆ ಪುಟ ಹರಿಯದ ಹಾಗೆ ಓದಿ ಹಿಂದೆ ಕೊಡುತ್ತೇವೆ.